ಕಾಳು ಉರುಳುವಷ್ಟು ಜಾಗ

ಗ್ಯಾರೇಜನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತ ಮೇಲೂ ನನ್ನನ್ನು ಹುಡುಕಿಕೊಂಡು ಬರುವವರಿದ್ದಾರೆ. ಐಟಿಐ ಮುಗಿಸಿದವರು, ಅರ್ಧಕ್ಕೇ ಬಿಟ್ಟವರು, ಯಾವುದೋ ಶೋರೂಮಿನಲ್ಲಿ ಆರು ತಿಂಗಳು ಆಯಿಲ್ ಬದಲಿಸಿ ತಾವೇ ದೊಡ್ಡ ಮೆಕ್ಯಾನಿಕ್ ಎಂದುಕೊಂಡವರು. ಎಲ್ಲರ ಪ್ರಶ್ನೆಯೂ ಒಂದೇ. "ಅಣ್ಣ, ಕ್ರೂಸರ್ ಬೈಕ್‌ಗೆ ಹಿಂದ್ಗಡೆ ಅಗಲದ್ ಟೈರ್ ಹಾಕ್ಬೋದಾ?"

ಹಾಕಬಹುದು ಕಣ್ರಪ್ಪ, ಯಾರು ಬೇಡ ಅಂದರು? ಎರಡು ಲಿವರು, ಒಂದಿಷ್ಟು ಸೋಪಿನ ನೀರು ಇದ್ದರೆ ಯಾರು ಬೇಕಾದರೂ ಟೈರು ಹಾಕುತ್ತಾರೆ. ಹಾಕಿದ ಮೇಲೆ ಅದು ತಿರುಗಬೇಕಲ್ಲ? ತಿರುಗುವುದಕ್ಕೆ ಜಾಗ ಬೇಕು. ಆ ಜಾಗ ಎಷ್ಟಿರಬೇಕು ಎಂದು ತಿಳಿಯಲು ನನಗೆ ಹತ್ತು ವರ್ಷ ಹಿಡಿಯಿತು. ಅಷ್ಟೂ ವರ್ಷ ಒಂದು ತಪ್ಪು ಅಳತೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೆ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಹೆಡ್ ಮೆಕ್ಯಾನಿಕ್ ಆದೆ, ಯಾವಾಗ ನನ್ನ ಹೆಸರಿನ ಬೋರ್ಡು ಬಂತು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದನ್ನು ಓದಿದರೆ ನಿಮಗೆ ಒಂದು ನಟ್ಟು ಬಿಚ್ಚಲೂ ಬರುವುದಿಲ್ಲ.

ನಾನು ಯಸಳೂರು ಕಡೆಯವನು. ಮನೆಯಲ್ಲಿ ಒಂದಿಷ್ಟು ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ತೊಂಬತ್ತರ ದಶಕ ಶುರುವಾದ ಹೊಸತರಲ್ಲಿ ಸಕಲೇಶಪುರಕ್ಕೆ ಬಂದು ಪುಟ್ಟಸ್ವಾಮಣ್ಣನವರ ಗ್ಯಾರೇಜಿಗೆ ಸೇರಿಕೊಂಡೆ. ಅವರು ಆಲೂರು ತಾಲ್ಲೂಕಿನ ಕುಂದೂರಿನವರು, ಹೊಲಗದ್ದೆ ಇದ್ದ ಮನೆತನ. ಕೈ ಚಿನ್ನದಂಥದ್ದು, ಬಾಯಿ ಮಾತ್ರ ಬೆಂಕಿ. ಯಾವುದನ್ನೂ ಎರಡು ಸಲ ಹೇಳುತ್ತಿರಲಿಲ್ಲ. ಮೊದಲ ಸಲ ಹೇಳುವಾಗಲೂ ಅರ್ಧ ಮಾತು ನುಂಗಿಬಿಡುತ್ತಿದ್ದರು. ಉಳಿದರ್ಧವನ್ನು ನಾವೇ ಊಹಿಸಿಕೊಳ್ಳಬೇಕಿತ್ತು. ನನ್ನ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಹೀಗೆ ಊಹಿಸಿಕೊಂಡದ್ದರಿಂದಲೇ.

ಮೊದಲ ವರ್ಷದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಚೈನಿನ ಎರಡು ತುದಿ ಸೇರಿಸುವ ಲಾಕು ಗೊತ್ತಲ್ಲ, ಮೀನಿನ ಆಕಾರದ ಸಣ್ಣ ಕ್ಲಿಪ್ಪು? ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ನಾನು ಉಲ್ಟಾ ಹಾಕಿದ್ದೆ. ಗಿರಾಕಿ ಮಂಗಳೂರಿಗೆ ಹೊರಟವರು ಮಾರನಹಳ್ಳಿ ಹತ್ತಿರ ಹೋಗುವಷ್ಟರಲ್ಲಿ ಚೈನು ಕಳಚಿ ರಸ್ತೆಯಲ್ಲಿ ಬಿತ್ತು. ಇನ್ನು ಸ್ವಲ್ಪ ಮುಂದೆ ಹೋಗಿದ್ದರೆ ಶಿರಾಡಿ ಘಾಟಿಯ ಇಳಿಜಾರು. ಫೋನ್ ಬಂದ ತಕ್ಷಣ ಪುಟ್ಟಸ್ವಾಮಣ್ಣ ಹೊಸ ಲಾಕನ್ನು ನನ್ನ ಅಂಗೈಯಲ್ಲಿಟ್ಟು ಬಸ್ಸು ಹತ್ತಿಸಿದರು. "ಹೋಗು, ಯಾರ್ಗೆ ಹಾಕಿದ್ಯೋ ಅವ್ರ ಎದ್ರುಗೇ ಸರ್ಯಾಗಿ ಹಾಕ್ಬುಟ್ಟು ಬಾ." ಚಹಾದಂಗಡಿಯ ಮುಂದೆ ಹತ್ತು ಜನ ನೋಡುತ್ತಿರುವಾಗ ಮಂಡಿಯೂರಿ ಆ ಲಾಕು ಹಾಕಿದೆ. ಅಂದಿನಿಂದ ನಾನು ಒಂದೇ ಒಂದು ಲಾಕನ್ನೂ ತಪ್ಪು ಹಾಕಿಲ್ಲ.

ಇನ್ನೊಂದು ಸಲ ಒಬ್ಬ ಮೇಷ್ಟ್ರ ಬೈಕು ಬಂತು. ಎಂಜಿನ್ನಿನಿಂದ ಟಕ್ ಟಕ್ ಸದ್ದು ಬರುತ್ತದೆ ಎಂದು ದೂರು. ನಾನು ಶೂರನಲ್ಲವೆ, ಹೆಡ್ಡು ಬಿಚ್ಚಿದೆ, ಬೋರು ನೋಡಿದೆ, ವಾಲ್ವು ಉಜ್ಜಿದೆ, ಎರಡು ದಿನ ಒದ್ದಾಡಿದೆ. ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದರೆ ಮತ್ತೆ ಟಕ್ ಟಕ್. ಪುಟ್ಟಸ್ವಾಮಣ್ಣ ಬಂದು ಟೂಲ್ ಬಾಕ್ಸಿನ ಮುಚ್ಚಳ ತೆಗೆದರು. ಒಳಗೆ ಮೇಷ್ಟ್ರ ಅಡಿಕೆಕತ್ತರಿ ಇತ್ತು. ಅದನ್ನು ನನ್ನ ಕೈಗೆ ಕೊಟ್ಟು, "ತಗಳಪ್ಪ, ನಿನ್ ಎಂಜಿನ್ನು," ಎಂದರು. ಎಂಜಿನ್ನಿಗೆ ಕೈ ಹಾಕುವ ಮೊದಲು ಹೊರಗಿರುವುದನ್ನೆಲ್ಲ ಅಲ್ಲಾಡಿಸಿ ನೋಡಿ. ಶೋರೂಮಿನಲ್ಲಿ ದೋಷ ಹುಡುಕುವ ನಿಮ್ಮ ಕಂಪ್ಯೂಟರಿಗೆ ಅಡಿಕೆಕತ್ತರಿ ಕಾಣುವುದಿಲ್ಲ.

ಇನ್ನು ಅಳತೆಯ ವಿಷಯ. ಪುಟ್ಟಸ್ವಾಮಣ್ಣ ಸ್ಕೇಲು ಮುಟ್ಟಿದವರಲ್ಲ. ಟೈರಿಗೂ ಚೈನಿಗೂ ನಡುವೆ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಸಂದು ಬಿಡಬೇಕು ಎಂದು ಕೇಳಿದರೆ ಅವರದು ಒಂದೇ ಉತ್ತರ. "ಕಾಳು ಉರುಳ್ಬೇಕು." ಮುಗಿಯಿತು. ನಮ್ಮ ಮನೆಯಲ್ಲಿ ಕಾಳು ಎಂದರೆ ಕಾಳುಮೆಣಸು. ಕಾಳು ಕೊಯ್ಯುವುದು, ಕಾಳು ಒಣಗಿಸುವುದು, ಕಾಳಿಗೆ ರೇಟು ಬಂತೇ ಎಂದು ವಿಚಾರಿಸುವುದು, ಎಲ್ಲವೂ ಅದೇ. ನಾನು ಊರಿಗೆ ಹೋದಾಗ ನಾಲ್ಕು ದಪ್ಪ ಮೆಣಸಿನ ಕಾಳು ಆರಿಸಿ ತಂದು ಜೇಬಿನಲ್ಲಿಟ್ಟುಕೊಂಡೆ. ಚಕ್ರ ಜೋಡಿಸಿದಾಗಲೆಲ್ಲ ಒಂದು ಕಾಳನ್ನು ಸಂದಿನಲ್ಲಿ ಉರುಳಿಸಿ ನೋಡುತ್ತಿದ್ದೆ. ಅವರು ಒಳಗಿನಿಂದಲೇ "ಕಾಳು ಉರುಳ್ತೇನೋ?" ಎಂದು ಕೂಗುತ್ತಿದ್ದರು. ನಾನು "ಉರುಳ್ತಣ್ಣ" ಎನ್ನುತ್ತಿದ್ದೆ. ಕಂಪನಿಯವರು ಮೊದಲೇ ಬೇಕಾದಷ್ಟು ಜಾಗ ಬಿಟ್ಟು ಕಳಿಸುತ್ತಿದ್ದ ಬೈಕುಗಳು ಅವು. ಮೆಣಸು ಬಿಟ್ಟು ನಿಂಬೆಹಣ್ಣು ಹಿಡಿದಿದ್ದರೂ ಕೆಲವುಗಳಲ್ಲಿ ಉರುಳುತ್ತಿತ್ತು. ಹಾಗಾಗಿ ನನ್ನ ಅಳತೆ ಹತ್ತು ವರ್ಷ ಯಾರಿಗೂ ಸಿಕ್ಕಿಬೀಳಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ರಸ್ತೆಗಳಲ್ಲಿ ಕ್ರೂಸರ್‌ಗಳು ಕಾಣಿಸತೊಡಗಿದವು. ಸೀಟು ತಗ್ಗು, ಹ್ಯಾಂಡಲ್ಲು ಎತ್ತರ, ಕಾಲು ಮುಂದಕ್ಕೆ ಚಾಚಿಕೊಂಡು ಕೂರುವ ಗಾಡಿ. ನೋಡಲು ಚೆಂದ. ಎಸ್ಟೇಟ್ ರಸ್ತೆಗೆ ಇದು ಯಾವನಿಗೆ ಬೇಕಪ್ಪಾ ಎಂದು ನಾವು ನಗುತ್ತಿದ್ದೆವು. ಬೇಕಾದವರು ಒಬ್ಬರು ಬಂದೇಬಿಟ್ಟರು.

ರೈಟರ್ ಸೋಮಣ್ಣ. ಯಸಳೂರಿನಿಂದಾಚೆ ಒಂದು ಕಾಫಿ ಎಸ್ಟೇಟಿನಲ್ಲಿ ಇಪ್ಪತ್ತು ವರ್ಷದಿಂದ ಆಳುಗಳ ಹಾಜರಿ, ಸ್ಟೋರು, ಲೆಕ್ಕಪತ್ರ ನೋಡಿಕೊಂಡಿದ್ದವರು. ವಿಭೂತಿ ಹಚ್ಚಿದ ಹಣೆ, ಬಗಲಲ್ಲಿ ಉದ್ದನೆಯ ಹಾಜರಿ ಪುಸ್ತಕ. ಎತ್ತರ ಮಾತ್ರ ಐದಡಿಗೂ ಕಡಿಮೆ. ಎಸ್ಟೇಟಿನ ತುಂಬ ಅವರನ್ನು ಗಿಡ್ಡ ರೈಟ್ರು ಎಂದೇ ಕರೆಯುತ್ತಿದ್ದರು, ಅವರೂ ನಗುತ್ತ ಓ ಎನ್ನುತ್ತಿದ್ದರು. ಆ ದಿನ ಅವರ ಮುಖದಲ್ಲಿ ನಗು ಇರಲಿಲ್ಲ. ಹಾಸನದಲ್ಲಿ ಯಾರೋ ಓಡಿಸಿ ಬಿಟ್ಟಿದ್ದ ಕ್ರೂಸರ್ ಒಂದನ್ನು ಕೊಂಡು ತಂದಿದ್ದರು. ಮೊಣಕೈ ತರಚಿತ್ತು, ಪ್ಯಾಂಟು ಮಂಡಿಯಲ್ಲಿ ಹರಿದಿತ್ತು.

"ನಾಗರಾಜ, ನನ್ ಕೆಲ್ಸ ಹೋಗೋ ಹಂಗೈತೆ ಮಾರಾಯ," ಎಂದರು.

ವಿಷಯ ಇಷ್ಟು. ಅವರ ಯಜಮಾನರು, ನಾವೆಲ್ಲ ಗೌಡ್ರು ಎನ್ನುತ್ತಿದ್ದವರು, ಗುಡ್ಡದ ಆಚೆ ಇನ್ನೊಂದು ತೋಟ ಕೊಂಡಿದ್ದರು. ಎರಡು ತೋಟಗಳ ನಡುವೆ ಒಂಬತ್ತು ಕಿಲೋಮೀಟರು ಜಲ್ಲಿ, ಜೇಡಿಮಣ್ಣು, ಏರು, ತಿರುವು. ಏಳೂವರೆಗೆ ಹಳೇ ತೋಟದಲ್ಲಿ ಹಾಜರಿ, ಎಂಟೂವರೆಗೆ ಹೊಸ ತೋಟದಲ್ಲಿ ಹಾಜರಿ. ಎರಡನ್ನೂ ಒಬ್ಬನೇ ರೈಟರ್ ನೋಡಿಕೊಳ್ಳಬೇಕು. ಮಳೆ ಹಿಡಿದ ಮೇಲೆ ಸೋಮಣ್ಣ ಒಂದು ದಿನವೂ ಹೊತ್ತಿಗೆ ಸರಿಯಾಗಿ ತಲುಪಿರಲಿಲ್ಲ. ಬೇರೆ ಬೈಕಿನಲ್ಲಿ ಅವರ ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ, ಏರಿನಲ್ಲಿ ನಿಂತರೆ ಬೈಕಿನ ಸಮೇತ ಅಡ್ಡ ಬೀಳುತ್ತಿದ್ದರು. ಸ್ಕೂಟರಿನ ಸಣ್ಣ ಚಕ್ರ ಜಲ್ಲಿಯಲ್ಲಿ ಹೂತುಹೋಗುತ್ತಿತ್ತು. ಕ್ರೂಸರಿನಲ್ಲಿ ಎರಡೂ ಪಾದ ನೆಲದ ಮೇಲೆ ಊರುತ್ತವೆ, ಅದೊಂದು ಧೈರ್ಯ. ಹಿಂದಿನ ಟೈರು ಮಾತ್ರ ಸಪೂರ. ಜೇಡಿಮಣ್ಣಿನಲ್ಲಿ ಗೀರು ಹಾಕಿಕೊಂಡು ಒಳಗಿಳಿದು ಹಿಂಭಾಗವನ್ನು ಎತ್ತಲೋ ಎಳೆದು ಕೆಡವುತ್ತಿತ್ತು.

"ಗೌಡ್ರು ಬೇರೆ ರೈಟರ್‌ಗೆ ಹೇಳ್ಕಳ್ಸವ್ರೆ ಕಣೋ. ಬರೋ ಸೋಮಾರ ಅವ್ರೇ ಬಂದು ನೋಡ್ತಾರಂತೆ. ಆವತ್ತು ಎಂಟೂವರೆಗೆ ನಾನು ಆ ತೋಟದಲ್ಲಿ ಇಲ್ದಿದ್ರೆ ಪುಸ್ತಕ ಅವ್ನ ಕೈಗೆ ಕೊಟ್ಟು ಮನೀಗೋಗು ಅಂದವ್ರೆ. ಈ ವಯಸ್ಸಲ್ಲಿ ನಂಗ್ಯಾರು ಕೆಲ್ಸ ಕೊಡ್ತಾರೆ?"

ನಾನು ಚಿಕ್ಕಂದಿನಿಂದ ನೋಡಿದ ಮನುಷ್ಯ. ನಮ್ಮಪ್ಪನಿಗೆ ಅರ್ಜಿ ಬರೆದುಕೊಡುತ್ತಿದ್ದವರೇ ಅವರು. ಪುಟ್ಟಸ್ವಾಮಣ್ಣ ಆಲೂಗಡ್ಡೆ ಬಿತ್ತನೆಗೆಂದು ಕುಂದೂರಿಗೆ ಹೋಗಿದ್ದರು. ಅವರನ್ನು ಕಾಯಬೇಕಿತ್ತು. ಕಾಯಲಿಲ್ಲ. "ರೈಟ್ರೇ, ಹಿಂದ್ಗಡೆ ಅಗಲದ್ ಟೈರ್ ಹಾಕ್ಕೊಡ್ತೀನಿ, ನೀವು ಎಂಟೂ ಕಾಲ್ಗೇ ಅಲ್ಲಿರ್ತೀರಿ," ಎಂದು ಮಾತು ಕೊಟ್ಟುಬಿಟ್ಟೆ. ಅಲ್ಲಿಯವರೆಗೆ ಅಂಥದೊಂದು ಟೈರನ್ನು ನಾನು ಕೈಯಲ್ಲಿ ಹಿಡಿದೂ ನೋಡಿರಲಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಅಗಲದ ಟೈರು ಕೆಸರಿನಲ್ಲಿ ಹಿಡಿಯುತ್ತದೆ ಎನ್ನುವುದು ಅರ್ಧ ಸತ್ಯ. ನುಣ್ಣನೆಯ ಅಗಲ ಟೈರು ಕೆಸರಿನ ಮೇಲೆ ಇನ್ನೂ ಚೆನ್ನಾಗಿ ಜಾರುತ್ತದೆ. ನೋಟಕ್ಕೆಂದು ಹಾಕಿಸಿಕೊಳ್ಳುವವರು ಇದನ್ನು ನೆನಪಿಡಿ. ಸೋಮಣ್ಣನವರಿಗೆ ನಾನು ಹೇಳಿದ್ದು ಗಟ್ಟಿ ಬಟನ್ನುಗಳು, ಎಂದರೆ ಎದ್ದುನಿಂತ ರಬ್ಬರಿನ ಉಬ್ಬುಗಳು, ಇರುವ ಟೈರು, ಸ್ವಲ್ಪ ಕಡಿಮೆ ಗಾಳಿ. ಆಗ ಅದು ಗೀರು ಹಾಕದೆ ಮಣ್ಣನ್ನೂ ಜಲ್ಲಿಯನ್ನೂ ಒತ್ತಿ ಹಿಡಿಯುತ್ತದೆ. ಟೈರು, ಅದಕ್ಕೆ ತಕ್ಕ ಅಗಲದ ರಿಮ್ಮು ಹಾಸನದಿಂದ ಬಸ್ಸಿನ ಟಾಪಿನ ಮೇಲೆ ಬಂದವು. ಹಳೇ ಸಪೂರ ರಿಮ್ಮಿಗೇ ಅಗಲದ ಟೈರು ತುರುಕುವ ಬುದ್ಧಿವಂತರಿದ್ದಾರೆ. ದಯವಿಟ್ಟು ಬೇಡಿ. ಟೈರು ಉಬ್ಬಿ ಗುಂಡಗಾಗುತ್ತದೆ, ತಿರುವಿನಲ್ಲಿ ತೊನೆಯುತ್ತದೆ.

ಮಂಗಳವಾರ ಇಡೀ ದಿನ ಕೂತು ಹೊಸ ರಿಮ್ಮಿಗೆ ಸ್ಪೋಕು ಕಟ್ಟಿದೆ. ಚಕ್ರ ತಿರುಗಿಸುತ್ತ ಪಕ್ಕದಲ್ಲಿ ಚಾಕ್‌ಪೀಸು ಹಿಡಿಯುವುದು, ಗೆರೆ ಬಿದ್ದಲ್ಲಿ ಬೆಂಡಿದೆ ಎಂದು ತಿಳಿದು ಸ್ಪೋಕು ಬಿಗಿ ಮಾಡುವುದು, ಮತ್ತೆ ತಿರುಗಿಸುವುದು. ಸಂಜೆಗೆ ಚಕ್ರ ಕೂತಿತು. ಎಡಗಡೆ ಚೈನಿಗೂ ಟೈರಿಗೂ ನಡುವೆ ಜಾಗ ಬಹಳ ಕಡಿಮೆ ಇತ್ತು. ಜೇಬಿನಿಂದ ಕಾಳು ತೆಗೆದು ಉರುಳಿಸಿದೆ. ಚೂರು ತಡೆದು, ಆ ಕಡೆ ಬಿತ್ತು. ಉರುಳಿತು! ಬುಧವಾರ ಸೋಮಣ್ಣ ಕ್ರೂಸರ್ ಏರಿ ಹೊರಟಾಗ ಹಿಂದಿನಿಂದ ನೋಡುವುದಕ್ಕೇ ಒಂದು ಗತ್ತಿತ್ತು. ನಾನು ಕೈ ಒರೆಸಿಕೊಳ್ಳುತ್ತ ರಸ್ತೆಯ ತುದಿಯವರೆಗೂ ನೋಡಿದೆ. ಈ ಊರಿನಲ್ಲಿ ನನ್ನಂಥವನಿಲ್ಲ ಎಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಆ ಗಾಡಿ ಪಿಕಪ್ಪಿನಲ್ಲಿ ಮಲಗಿಕೊಂಡು ಬಂತು. ಚೈನಿನ ತುಂಬ ಕರಿ ರಬ್ಬರಿನ ಪುಡಿ. ಹೊಸ ಟೈರಿನ ಎಡಗೆನ್ನೆಯ ಮೇಲೆ ಸುತ್ತಲೂ ಒಂದು ಗೀರು. ಏರಿನ ತಿರುವಿನಲ್ಲಿ ಚೈನು ಟೈರಿಗೆ ಉಜ್ಜಿ ಉಜ್ಜಿ ಕೊನೆಗೆ ಸ್ಪ್ರಾಕೆಟ್ಟಿನ ಹಲ್ಲುಗಳಿಂದ ಕಳಚಿ ಚಕ್ರವನ್ನು ಕಚ್ಚಿಕೊಂಡುಬಿಟ್ಟಿತ್ತು. ಸೋಮಣ್ಣ ಬೇಲಿಯ ಮೇಲೆ ಬಿದ್ದಿದ್ದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೆಂಚಿನ ಮೇಲೆ ಕೂತು, "ನಾಳೆ ಪುಸ್ತಕದ್ ಲೆಕ್ಕವೆಲ್ಲ ಸರಿ ಮಾಡಿಟ್ಬುಡ್ತೀನಿ. ಹೊಸಬ್ನಿಗೆ ತೊಂದ್ರೆ ಆಗ್ಬಾರ್ದು," ಎಂದರು.

ನನಗೆ ಅಳು ಬಂತು. ಮರೆಮಾಚುವುದೇನಿದೆ, ಗಾಡಿಯ ಹಿಂದೆ ಬಗ್ಗಿ ಕೂತು ಕಣ್ಣು ಒರೆಸಿಕೊಂಡೆ.

ಆ ಹೊತ್ತಿಗೆ ಸರಿಯಾಗಿ ಪುಟ್ಟಸ್ವಾಮಣ್ಣ ಕುಂದೂರಿನಿಂದ ಬಂದಿಳಿದರು, ಕೈಯಲ್ಲಿ ಊಟದ ಕ್ಯಾರಿಯರ್ರು. ಗಾಡಿ ನೋಡಿದರು, ಟೈರು ಮುಟ್ಟಿದರು, ಗೀರಿನ ಮೇಲೆ ಉಗುರು ಎಳೆದರು.

"ಒಳ್ಗಿನ್ ನೂಲು ಕಾಣ್ತಿಲ್ಲ, ಮೇಲಿನ್ ಚರ್ಮ ಹೋಗೈತೆ ಅಷ್ಟೆ. ಟೈರು ಉಳ್ಕಂತು," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಕಾಳು ಉರುಳಿತ್ತೇನ್ಲಾ?"

"ಉರುಳ್ತಣ್ಣ. ನಾನೇ ಉರುಳ್ಸಿ ನೋಡಿದೀನಿ. ದೇವ್ರಾಣೆ."

"ಎಲ್ಲಿ, ಉರುಳ್ಸು."

ಚೈನು ಮತ್ತೆ ಹಾಕಿ, ಜೇಬಿನಿಂದ ಮೆಣಸಿನ ಕಾಳು ತೆಗೆದು ಸಂದಿನಲ್ಲಿ ಬಿಟ್ಟೆ. ಉರುಳಿ ನೆಲಕ್ಕೆ ಬಿತ್ತು. ಪುಟ್ಟಸ್ವಾಮಣ್ಣ ಬಗ್ಗಿ ಅದನ್ನು ಎತ್ತಿಕೊಂಡು ಅಂಗೈಯಲ್ಲಿಟ್ಟು ನೋಡಿದರು. ಮೂಸಿ ನೋಡಿದರು.

"ಏನ್ಲಾ ಇದು?"

"ಕಾಳು."

"ಇದು ಮೆಣಸು ಕಣೋ!"

"ಹೂಂ, ಕಾಳು."

"ಅಯ್ಯೋ ನಿನ್ನ ಮನೆ ಕಾಯ್ವಾಗ! ಹತ್ತೊರ್ಷದಿಂದ ನೀನು ಮೆಣಸು ಉರುಳಿಸ್ಕಂಡ್ ಬಂದಿದೀಯೇನೋ?"

"ಮತ್ತೇನಣ್ಣ ಉರುಳಿಸ್ಬೇಕಿತ್ತು?"

ಅವರು ಕ್ಯಾರಿಯರ್ರಿನ ಮುಚ್ಚಳ ತೆಗೆದರು. ಕೆಳಗಿನ ಡಬ್ಬಿಯಲ್ಲಿ ಕಾಳುಸಾರು. ಎರಡು ಬೆರಳು ಅದ್ದಿ ದಪ್ಪನೆಯ ಒಂದು ಅವರೆಕಾಳನ್ನು ಎತ್ತಿ, ಸಾರು ತೊಟ್ಟಿಕ್ಕುತ್ತಿರುವಂತೆಯೇ ಟೈರಿಗೂ ಚೈನಿಗೂ ನಡುವೆ ತೂರಿಸಲು ಹೋದರು. ಕಾಳು ಅಲ್ಲೇ ಚಪ್ಪಟೆಯಾಗಿ ಟೈರಿಗೆ ಅಂಟಿಕೊಂಡಿತು.

"ಕಾಳು ಅಂದ್ರೆ ಇದು ಕಣೋ! ಅವರೇಕಾಳು! ನಮ್ ಕುಂದೂರಲ್ಲಿ ಯಾವ್ ಮಗೂನ್ ಕೇಳಿದ್ರೂ ಹೇಳ್ತದೆ!"

"ನಮ್ ಯಸಳೂರಲ್ಲಿ ಯಾವ ಮಗೂನ್ ಕೇಳಿದ್ರೂ ಮೆಣಸು ಅಂತದೆ ಅಣ್ಣ," ಎಂದೆ. ನನಗೂ ಸಿಟ್ಟು ಬಂದಿತ್ತು. ಹತ್ತು ವರ್ಷದಲ್ಲಿ ಒಂದು ಸಲ ಯಾವ ಕಾಳು ಎಂದು ಬಾಯಿಬಿಟ್ಟು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಸೋಮಣ್ಣ ನಮ್ಮಿಬ್ಬರನ್ನೂ ನೋಡಿದರು, ಟೈರಿಗೆ ಅಂಟಿದ್ದ ಕಾಳನ್ನು ನೋಡಿದರು, ಅಷ್ಟು ದಿನದಲ್ಲಿ ಮೊದಲ ಸಲ ನಕ್ಕರು. ಅವರು ನಕ್ಕದ್ದಕ್ಕೆ ಪುಟ್ಟಸ್ವಾಮಣ್ಣನೂ ನಕ್ಕರು. ನಾನು ಮಾತ್ರ ನಗಲಿಲ್ಲ.

ನಿಂತ ಗಾಡಿಯಲ್ಲಿ ಮೆಣಸಿನಷ್ಟು ಸಂದು ಸಾಕು ಅನ್ನಿಸುತ್ತದೆ. ಓಡುವಾಗ ಟೈರು ಬಿಸಿಯಾಗಿ ಕೊಂಚ ಉಬ್ಬುತ್ತದೆ, ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲುತ್ತದೆ, ಚೈನು ಕುಣಿಯುತ್ತದೆ. ಮಲೆನಾಡಿನಲ್ಲಿ ಇವೆಲ್ಲದರ ಜೊತೆಗೆ ಕೆಸರೂ ಸೇರಿಕೊಳ್ಳುತ್ತದೆ. ನೀವು ಸ್ಕೇಲಿನಲ್ಲೇ ಅಳೆಯಿರಿ, ನನಗೇನೂ ಬೇಜಾರಿಲ್ಲ. ಸೆಂಟಿಮೀಟರಿಗೆ ಎಲ್ಲ ಊರಿನಲ್ಲೂ ಒಂದೇ ಅರ್ಥ.

ಸೋಮವಾರಕ್ಕೆ ಎರಡೇ ದಿನ ಉಳಿದಿತ್ತು. ಅವರೆಕಾಳಿನಷ್ಟು ಜಾಗ ಎಲ್ಲಿಂದ ತರುವುದು? ಪುಟ್ಟಸ್ವಾಮಣ್ಣ ಚೈನನ್ನು ಹೊರಕ್ಕೆ ಸರಿಸೋಣ ಎಂದರು. ಹಿಂದಿನ ಸ್ಪ್ರಾಕೆಟ್ಟಿಗೆ ಒಳಗಿನಿಂದ ಒಂದು ರಿಂಗು ಕೊಟ್ಟರೆ ಅದು ಹೊರಗೆ ಬರುತ್ತದೆ. ಮುಂದಿನ ಸ್ಪ್ರಾಕೆಟ್ಟೂ ಅಷ್ಟೇ ಹೊರಗೆ ಬರಬೇಕು, ಇಲ್ಲದಿದ್ದರೆ ಚೈನು ಓರೆಯಾಗಿ ಓಡಿ ಸವೆದುಹೋಗುತ್ತದೆ. ಮುಂದೆ ಅಳೆದು ನೋಡಿದರೆ ಬೇಕಾದದ್ದರ ಅರ್ಧದಷ್ಟು ಸರಿಸಲು ಮಾತ್ರ ಜಾಗವಿತ್ತು. ಅದಕ್ಕಿಂತ ಹೆಚ್ಚು ತಂದರೆ ಎಂಜಿನ್ನಿನ ಕವರಿಗೆ ತಾಗುತ್ತದೆ. ಅವರು ತಲೆ ಕೆರೆದುಕೊಂಡು ಸ್ಪ್ಯಾನರ್ ಕೆಳಗಿಟ್ಟರು. ಕೆಲಸದ ನಡುವೆ ಅವರು ಸ್ಪ್ಯಾನರ್ ಕೆಳಗಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಣ್ಣ, ಅರ್ಧ ಚೈನಿಂದ ತಗಳಣ," ಎಂದೆ. "ಇನ್ನರ್ಧ ರಿಮ್ಮಿಂದ. ಬಲಗಡೆ ಸ್ಪೋಕು ಎಳ್ದು ಎಡಗಡೆದು ಸಡ್ಲ ಬಿಟ್ರೆ ರಿಮ್ಮು ಬಲಕ್ಕೆ ಬರ್ತದೆ. ಎರಡ್ಮೂರು ಮಿಲಿಮೀಟ್ರಿಗೆ ಗಾಡಿ ಏನೂ ಎಳೆಯಲ್ಲ."

"ಎಳೆದ್ರೆ?"

"ಎಳೆದ್ರೆ ನಾನೇ ಕುಂದೂರ್ಗೆ ಬಂದು ಆಲೂಗಡ್ಡೆ ಬಿತ್ತೀನಿ."

ಅವರು ನನ್ನನ್ನೇ ದಿಟ್ಟಿಸಿದರು. "ಮಾಡು," ಎಂದರು. ಒಂದೇ ಮಾತು. ನನ್ನ ಇಡೀ ಕೆಲಸದ ಬದುಕಿನಲ್ಲಿ ನನಗೆ ಸಿಕ್ಕ ದೊಡ್ಡ ಮರ್ಯಾದೆ ಅದೇ ಇರಬೇಕು.

ಶನಿವಾರ ಲೇತಿನವರ ಪಕ್ಕದಲ್ಲೇ ನಿಂತು ರಿಂಗು ಮಾಡಿಸಿಕೊಂಡು ಬಂದೆ. ಸ್ಪೋಕುಗಳನ್ನು ಒಂದೊಂದಾಗಿ ಕಾಲು ಸುತ್ತು ಸಡಿಲಿಸಿ, ಕಾಲು ಸುತ್ತು ಬಿಗಿದು, ಸ್ಪ್ಯಾನರಿನಿಂದ ತಟ್ಟಿ ಸದ್ದು ಕೇಳುತ್ತ ಹೋದೆ. ಒಂದೇ ಪಕ್ಕದ ಸ್ಪೋಕುಗಳೆಲ್ಲ ಒಂದೇ ಸದ್ದು ಕೊಡಬೇಕು. ಬುಸುಕ್ಕೆಂದರೆ ಸಡಿಲವಿದೆ ಎಂದು ಅರ್ಥ. ಮಡ್‌ಗಾರ್ಡಿಗೆ ಬುಷ್ ಕೊಟ್ಟು ಮೇಲಕ್ಕೆ ಎತ್ತಿದೆ, ಕೆಸರು ತುಂಬಿಕೊಳ್ಳಬಾರದಲ್ಲ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎರಡೂ ಪಕ್ಕ ದಾರ ಹಿಡಿದು ನೇರ ನೋಡಿದೆ. ಭಾನುವಾರ ಸೋಮಣ್ಣನವರನ್ನು ಸೀಟಿನ ಮೇಲೆ ಕೂರಿಸಿ, ಹಿಂದೆ ಒಂದು ಕಾಫಿ ಮೂಟೆ ಕಟ್ಟಿ, ಚಕ್ರ ಕೆಳಗೆ ಒತ್ತಿ ಕೂತಿರುವಾಗ ಅವರೆಕಾಳು ಉರುಳಿಸಿದೆ. ಎಲ್ಲೂ ತಡೆಯದೆ ಉರುಳಿ ಟಪ್ಪೆಂದು ನೆಲಕ್ಕೆ ಬಿತ್ತು. ಪುಟ್ಟಸ್ವಾಮಣ್ಣ ಇನ್ನೊಂದು ಕಾಳು ಕೊಟ್ಟು, ಮಡ್‌ಗಾರ್ಡಿನ ಕೆಳಗೂ ಉರುಳಿಸು ಎಂದರು. ಅಲ್ಲೂ ಉರುಳಿತು.

ಸೋಮವಾರ ನಾನು ನನ್ನ ಹಳೇ ಬೈಕು ತೆಗೆದುಕೊಂಡು ಏಳು ಗಂಟೆಗೇ ಹಳೇ ತೋಟದಲ್ಲಿದ್ದೆ. ಚೈನು ಉಜ್ಜುವ ಸದ್ದು ಬರುತ್ತದೋ ಇಲ್ಲವೋ ಎಂದು ನನ್ನ ಕಿವಿಯಿಂದಲೇ ಕೇಳಬೇಕಿತ್ತು. ಹಿಂದಿನ ದಿನವೆಲ್ಲ ಮಳೆ ಸುರಿದಿತ್ತು. ಗೌಡ್ರು ಬಿಳೀ ಪಂಚೆ ಉಟ್ಟು ಜೀಪಿನಲ್ಲಿ ಬಂದರು. ಆಳು ದೊಡ್ಡದು, ಕ್ವಿಂಟಾಲಿಗೆ ಸ್ವಲ್ಪವೇ ಕಡಿಮೆ. ಸೋಮಣ್ಣ ಹಾಜರಿ ಕೂಗುತ್ತಿದ್ದಂತೆ ಗಡಿಯಾರ ನೋಡಿಕೊಂಡು, "ನಾನು ಮುಂದೋಗಿ ಕಾಯ್ತಿರ್ತೀನಿ ರೈಟ್ರೇ. ಎಂಟೂವರೆ. ಮರೀಬೇಡಿ," ಎಂದು ಹೊರಟುಹೋದರು.

ಕಡೆಯ ಹೆಸರು ಕೂಗಿದ್ದೇ ಸೋಮಣ್ಣ ಪುಸ್ತಕಕ್ಕೆ ಪ್ಲಾಸ್ಟಿಕ್ಕು ಸುತ್ತಿ ಕಟ್ಟಿ ಕ್ರೂಸರ್ ಹತ್ತಿದರು. ನಾನು ಹಿಂದೆ. ಮೊದಲ ಏರು ಬಂತು. ಜೇಡಿಮಣ್ಣು ಬೆಣ್ಣೆಯಂತಿತ್ತು. ನನ್ನ ಬೈಕು ಆ ಕಡೆ ಈ ಕಡೆ ಹೊಯ್ದಾಡುತ್ತಿತ್ತು, ಎರಡು ಸಲ ನೆಲಕ್ಕೆ ಕಾಲು ಕೊಟ್ಟೆ. ಮುಂದೆ ಸೋಮಣ್ಣ ಮಾತ್ರ ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದೇ ಸಮನೆ ಗಡಗಡ ಸದ್ದಿನಲ್ಲಿ ಏರುತ್ತಿದ್ದರು. ಟೈರು ಮಣ್ಣನ್ನು ಒತ್ತಿ ಒತ್ತಿ ಹಿಡಿಯುತ್ತಿತ್ತು. ನನಗೆ ಕೂಗಬೇಕೆನ್ನಿಸಿತು, ಕೂಗಿದೆ ಕೂಡ. ಅವರಿಗೆ ಕೇಳಿಸಲಿಲ್ಲ.

ನಾಲ್ಕನೇ ತಿರುವಿನಲ್ಲಿ ಗೌಡ್ರ ಜೀಪು ಚರಂಡಿಯಲ್ಲಿ ಒರಗಿ ನಿಂತಿತ್ತು. ಅದರ ನಾಲ್ಕು ಚಕ್ರದ ಗೇರು ಕೆಟ್ಟು ವರ್ಷವಾಗಿದ್ದರೂ ರಿಪೇರಿ ಮಾಡಿಸಿರಲಿಲ್ಲ. ಗೌಡ್ರು ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತಿದ್ದರು. ಸೋಮಣ್ಣ ಎರಡೂ ಕಾಲು ಊರಿ ಗಾಡಿ ನಿಲ್ಲಿಸಿದರು.

"ಗೌಡ್ರೇ, ತಳ್ಬೇಕಾ?"

"ತಳ್ಳೋ ಕೆಲ್ಸ ಅಲ್ಲ ಇದು, ಟ್ರ್ಯಾಕ್ಟರ್ ಬರ್ಬೇಕು." ಗೌಡ್ರು ಗಡಿಯಾರ ನೋಡಿದರು, ರಸ್ತೆ ನೋಡಿದರು, ಆಮೇಲೆ ಕ್ರೂಸರಿನ ಹಿಂದಿನ ಸೀಟು ನೋಡಿದರು. "ನಿಮ್ದು ಇಬ್ರುನ್ನ ಎಳೀತದೇನ್ರೀ?"

ನಾನು ಕಾಳು ಉರುಳಿಸಿ ನೋಡಿದ್ದು ಒಂದು ಕಾಫಿ ಮೂಟೆಯ ಭಾರಕ್ಕೆ. ಇವರು ಅದರ ಹತ್ತಿರ ಹತ್ತಿರ ಎರಡರಷ್ಟು. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಸೋಮಣ್ಣ, "ಕೂತ್ಕಳಿ ಗೌಡ್ರೇ," ಎಂದುಬಿಟ್ಟರು. ಗೌಡ್ರು ಪಂಚೆ ಎತ್ತಿಕಟ್ಟಿ ಕಾಲು ಹಾಕಿ ಕೂತರು. ಹಿಂದಿನ ಶಾಕ್ ಅಬ್ಸಾರ್ಬರು ಕೀರ್ ಎಂದು ಕೆಳಗಿಳಿಯಿತು. ಗಾಡಿ ಹೊರಟಿತು.

ಆ ಮುಂದಿನ ಐದು ಕಿಲೋಮೀಟರು ನಾನು ನನ್ನ ಬೈಕಿನ ಸದ್ದು ಆದಷ್ಟು ಕಡಿಮೆ ಮಾಡಿಕೊಂಡು, ಕೆಸರು ಮುಖಕ್ಕೆ ರಾಚುತ್ತಿದ್ದರೂ ಬಿಡದೆ ಅವರ ಹಿಂದೆ ಅಂಟಿಕೊಂಡು ಹೋದೆ. ಉಜ್ಜುವ ಸದ್ದಿಗೆ ಕಿವಿ ಕೊಟ್ಟಿದ್ದೆ. ಉಜ್ಜುವ ಸದ್ದು ಒಂದು ಸಲವೂ ಬರಲಿಲ್ಲ. ಬಂದದ್ದು ಗೌಡ್ರ ಧ್ವನಿ ಮಾತ್ರ. "ನಿಧಾನ ಮಾರಾಯ! ನಿಧಾನ! ಅಯ್ಯೋ, ಬೀಳಿಸ್ಬುಟ್ಟೀಯ ಕಣೋ!" ಇಪ್ಪತ್ತು ವರ್ಷ ಅವರ ಕೂಗಿಗೆ ಹೆದರಿ ಓಡಿದ್ದ ಸೋಮಣ್ಣ ಆ ದಿನ ಒಂದು ಸಲವೂ ವೇಗ ಇಳಿಸಲಿಲ್ಲ.

ಹೊಸ ತೋಟದ ಸ್ಟೋರಿನ ಮುಂದೆ ಆಳುಗಳು ಮಳೆಗೆಂದು ತಲೆಯ ಮೇಲಿಂದ ಕಂಬಳಿ ಕೊಪ್ಪೆ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಗಿಡ್ಡ ರೈಟ್ರು ಮುಂದೆ, ಅವರ ಭುಜ ಹಿಡಿದುಕೊಂಡ ಗೌಡ್ರು ಹಿಂದೆ. ಗಾಡಿ ಬಂದು ನಿಂತದ್ದನ್ನು ನೋಡಿ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಗೌಡ್ರು ಇಳಿದರು. ಪಂಚೆಯ ಮೇಲೆ ಬಿಳಿ ಎನ್ನುವುದು ಅಂಗೈಯಗಲ ಉಳಿದಿತ್ತು. ಟೈರಿನ ಹತ್ತಿರ ಬಗ್ಗಿ ಒಂದು ಗಳಿಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಂಬರ್ ಕೊಡ್ತೀನಿ, ಸಕಲೇಶಪುರಕ್ಕೆ ಹೋದ್ ತಕ್ಷಣ ಆ ಹೊಸ ರೈಟರ್‌ಗೆ ಒಂದು ಫೋನ್ ಮಾಡ್ಬುಡು. ಬರಾದು ಬ್ಯಾಡ ಅಂತ ಹೇಳು," ಎಂದರು.

ಸೋಮಣ್ಣ ಇದನ್ನು ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ. ಕನ್ನಡಕ ಒರೆಸಿಕೊಂಡು, ಪ್ಲಾಸ್ಟಿಕ್ಕು ಬಿಚ್ಚಿ, ಪುಸ್ತಕ ತೆರೆದು, ಪೆನ್ನು ಹಿಡಿದು ನಿಂತಿದ್ದರು.

"ಗೌಡ್ರೇ, ಎಂಟೂವರೆಗೆ ಇನ್ನೂ ನಾಲ್ಕು ನಿಮಿಷ ಐತೆ. ಶುರು ಮಾಡ್ಲಾ?"

ಗೌಡ್ರು ಆಳುಗಳ ಸಾಲಿನ ಕಡೆಗೆ ನಡೆದು, ಮೊದಲನೆಯವನ ಪಕ್ಕದಲ್ಲಿ ಹೋಗಿ ನಿಂತುಕೊಂಡರು.

"ಮಾಡಿ ರೈಟ್ರೇ," ಎಂದರು. "ಮೊದ್ಲು ನನ್ ಹೆಸ್ರು ಕೂಗಿ. ನಿಮ್ಮಿಂದಾಗಿ ಇವತ್ತು ನಾನೂ ಹಾಜರು."